ಎಂಟು ಜೊತೆ ಮೆಟ್ಟು

ನಮ್ಮೂರ ತಂಡದಲ್ಲಿ ಒಂಬತ್ತು ಮಂದಿ ಇದ್ದಾರೆ. ಅವರಲ್ಲಿ ಎಂಟು ಮಂದಿ ಆಡಲು ಬರುವುದಿಲ್ಲ. ಅವರ ಮೆಟ್ಟುಗಳು ಬರುತ್ತವೆ.

ಹೊರಗಿನವರು ಇದನ್ನು ಕೇಳಿದರೆ ನಗುತ್ತಾರೆ. ನಗಲಿ. ಒಂದೊಂದು ಊರಿಗೆ ಒಂದೊಂದು ಹುಚ್ಚು. ಕೆಲವು ಊರಿನವರು ತಮ್ಮವರನ್ನು ಬೈದು ಬೈದು ಹಾಳಾದರು, ನಾವು ನಮ್ಮವರನ್ನು ಹೊಗಳಿ ಹೊಗಳಿ ಹಾಳಾದೆವು.

ನಮ್ಮ ಮೈದಾನದ ನಡುವೆ ಒಂದು ಚಪ್ಪಟೆ ಕಲ್ಲಿದೆ, ಅದರ ಸುತ್ತ ದೂರ ದೂರಕ್ಕೆ ಎಂಟು ಕಲ್ಲುಗಳಿವೆ. ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬರು ನಿಲ್ಲಬೇಕು. ನಡುಗಲ್ಲಿನವರು ಚೆಂಡು ಎಸೆಯುತ್ತಾರೆ, ಎದುರು ತಂಡದವನು ದಾಂಡಿನಿಂದ ಹೊಡೆಯುತ್ತಾನೆ. ಮೂರು ಸಲ ಬೀಸಿ ತಪ್ಪಿದರೆ ಅವನು ಹೊರಗೆ. ಹೊಡೆದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೂ ಹೊರಗೆ. ನೆಲ ಮುಟ್ಟಿತೋ, ಅವನು ಕಲ್ಲಿನಿಂದ ಕಲ್ಲಿಗೆ ಓಡುತ್ತಾನೆ. ಸುತ್ತು ಮುಗಿಸಿದರೆ ಅವರಿಗೊಂದು ಓಟ. ಆಟ ಇಷ್ಟೇ, ಮಕ್ಕಳಿಗೂ ಅರ್ಥವಾಗುತ್ತದೆ. ಅರ್ಥವಾಗದ್ದು ನಮ್ಮ ಕಟ್ಟಳೆ.

ಕಟ್ಟಳೆ ಶುರುವಾದದ್ದು ಒಬ್ಬ ಕುಂಬಾರನಿಂದ. ಅವನು ನಾಲ್ಕನೆಯ ಕಲ್ಲಿನವನು. ಅವನ ಕೈಗೆ ಬಂದ ಚೆಂಡು ಎಂದೂ ಜಾರಿದ್ದಿಲ್ಲ ಎನ್ನುತ್ತಾರೆ. ಅವನು ಸತ್ತ ಮಾರನೆಯ ದಿನ ಪಂದ್ಯವಿತ್ತು. ಅವನ ಕಲ್ಲಿನ ಮೇಲೆ ನಿಲ್ಲಲು ಯಾರಿಗೂ ಮನಸ್ಸಾಗಲಿಲ್ಲ. ಅವನ ಮೆಟ್ಟುಗಳನ್ನು ತಂದು ಕಲ್ಲಿನ ಮೇಲಿಟ್ಟು, ಕೈಮುಗಿದು, ಉಳಿದ ಎಂಟೇ ಜನ ಆಡಿದರು. ಗೆದ್ದರು. ಆ ದಿನ ಸೋತಿದ್ದರೆ ಊರು ಉಳಿಯುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಂದಿನಿಂದ ಕಟ್ಟಳೆ ಹುಟ್ಟಿತು. ಒಂದು ಕಲ್ಲಿನ ಮೇಲೆ ನಿಂತವರಲ್ಲೆಲ್ಲ ಅತಿ ದೊಡ್ಡವರು ಯಾರೆಂದು ಊರು ಒಕ್ಕೊರಲಿನಿಂದ ಒಪ್ಪಿದರೆ, ಆ ದೊಡ್ಡವರ ಮೆಟ್ಟು ಆ ಕಲ್ಲೇರುತ್ತದೆ. ಆಮೇಲೆ ಅಲ್ಲಿ ಬೇರೆ ಯಾರೂ ನಿಲ್ಲುವಂತಿಲ್ಲ. ಆ ದೊಡ್ಡವರೂ ನಿಲ್ಲುವಂತಿಲ್ಲ. ಬದುಕಿದ್ದರೆ ಅವರು ಮತ್ತೆ ಕಾಲಿಗೆ ಮೆಟ್ಟು ಹಾಕುವಂತಿಲ್ಲ.

ಕೊನೆಯ ಮಾತನ್ನು ಸೇರಿಸಿದ್ದು ಆರನೆಯ ಕಲ್ಲಿನವನಿಗಾಗಿ. ಅವನನ್ನು ದೊಡ್ಡವನೆಂದು ಒಪ್ಪುವಾಗ ಅವನಿಗೆ ಮೂವತ್ತೇ ವರ್ಷ. ತಡೆಯಲಾರದ ಪ್ರೀತಿ ನಮಗೆ, ಸಾಯುವವರೆಗೆ ಕಾಯಲಾಗಲಿಲ್ಲ. ಈಗ ಅವನಿಗೆ ಅರವತ್ತು. ಮೈದಾನದ ಅಂಚಿನಲ್ಲಿ ಬರಿಗಾಲಲ್ಲಿ ಕೂತು, ಆರನೆಯ ಕಲ್ಲಿನ ಮೇಲಿರುವ ತನ್ನ ಮೆಟ್ಟನ್ನು ನೋಡುತ್ತಿರುತ್ತಾನೆ. ಊರಲ್ಲೇ ದೊಡ್ಡವನಾಗಿರುವುದು ಹೇಗಿರುತ್ತದೆ ಎಂದು ಯಾರೋ ಒಮ್ಮೆ ಕೇಳಿದ್ದರು. "ಕಾಲು ಸುಡ್ತದೆ," ಎಂದಿದ್ದ. ನಾವು ಅದನ್ನು ವಿನಯ ಎಂದುಕೊಂಡೆವು.

ಒಪ್ಪುವ ಕ್ರಮವನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ, ಬಿಸಿಲು ನೆತ್ತಿಗೆ ಬಂದಾಗ, ಊರೆಲ್ಲ ಮೈದಾನದ ಪಕ್ಕದ ಮಾತಿನ ಕಟ್ಟೆಯ ಬಳಿ ಸೇರುತ್ತದೆ. ಎಲ್ಲರೂ ಮೆಟ್ಟು ಹಾಕಿಕೊಂಡೇ ಬರಬೇಕು. ವಾದ ಕೇಳಿ ಒಪ್ಪಿದವರು ಮೆಟ್ಟು ಬಿಡುತ್ತಾರೆ. ಬರಿಗಾಲೆಂದರೆ ಒಪ್ಪಿಗೆ. ಒಬ್ಬರ ಕಾಲಲ್ಲಿ ಮೆಟ್ಟಿದ್ದರೂ ಮಾತು ಮುಗಿದಿಲ್ಲ, ಆದರೆ ಆ ಒಬ್ಬರು ಮಾತಾಡುತ್ತಲೇ ಇರಬೇಕು. ಬಾಯಿ ನಿಂತ ಗಳಿಗೆ ಮೆಟ್ಟು ಬಿಡಬೇಕು. ಪಡುವಣ ದಿಕ್ಕಿನ ಗಡಿಗಂಬದ ನೆರಳು ನಡುಗಲ್ಲನ್ನು ಮುಟ್ಟಿದರೆ ಆ ವರ್ಷದ ವಾದ ಮುಗಿಯಿತು.

ಇನ್ನೊಂದು ಕಟ್ಟಳೆಯೂ ಇತ್ತು. ಕಟ್ಟೆಯ ಮೇಲೆ ಆಡಿದ ಮಾತು ಸುಳ್ಳೆಂದು ತಿಳಿದರೆ, ಆ ಮಾತಿನಿಂದ ಏರಿದ ಮೆಟ್ಟು ಇಳಿಯಬೇಕು. ಆ ಕಲ್ಲಿನ ಮೇಲೆ ಜೀವವಿರುವ ಕಾಲು ನಿಲ್ಲುವವರೆಗೆ ಬೇರೆ ಕಲ್ಲಿನ ಮಾತೆತ್ತಬಾರದು. ಇದು ಒಮ್ಮೆಯೂ ಬಳಕೆಗೆ ಬಂದಿರಲಿಲ್ಲ. ನಮ್ಮೂರಲ್ಲಿ ಸುಳ್ಳು ಹೇಳುವವರು ಇಲ್ಲವೆಂದಲ್ಲ, ಒಪ್ಪಿಕೊಳ್ಳುವವರು ಇರಲಿಲ್ಲ.

ಹೀಗೆ ಒಂದೊಂದೇ ಕಲ್ಲಿನಿಂದ ಕಾಲುಗಳು ಇಳಿದು ಮೆಟ್ಟುಗಳು ಏರಿದವು. ಎಂಟನೆಯದು ಬೇಲಿಕಲ್ಲು, ಮುಳ್ಳುಬೇಲಿಗೆ ತಾಗಿದಂತಿರುವ ದೂರದ ಕಲ್ಲು. ಹತ್ತೊಂಬತ್ತು ವರ್ಷಗಳ ಹಿಂದೆ ಅದನ್ನೇರಿದ್ದು, ಕಟ್ಟೆಯ ವಾದದಲ್ಲಿ ಹೆಸರಾದ ಮಾತಿನಜ್ಜಿಯ ಮಗನ ಮೆಟ್ಟು. ಅವನ ಮಗಳೇ ಈಗ ನಡುಗಲ್ಲಿನಲ್ಲಿ ನಿಲ್ಲುವವಳು. ಒಂಬತ್ತು ಕಲ್ಲಿನ ಮೈದಾನದಲ್ಲಿ ಜೀವವಿರುವ ಕಾಲು ಎಂದರೆ ಅವಳದೊಂದೇ ಜೊತೆ.

ಅವಳು ಬೆಳಿಗ್ಗೆ ಬಂದು ಎಂಟು ಜೊತೆ ಮೆಟ್ಟಿನ ಧೂಳು ಒರೆಸುತ್ತಾಳೆ. ನಡುಗಲ್ಲಿನ ಮೇಲೆ ನಿಂತು ಒಂದೊಂದು ಕಲ್ಲಿಗೂ ಚೆಂಡು ಎಸೆಯುತ್ತಾಳೆ. ಚೆಂಡು ಮೆಟ್ಟುಗಳ ಮೇಲಿಂದ ಹಾದುಹೋಗಿ ಹುಲ್ಲಿನಲ್ಲಿ ಉರುಳುತ್ತದೆ. ಅವಳೇ ಓಡಿಹೋಗಿ ತರುತ್ತಾಳೆ. ಮತ್ತೆ ಎಸೆಯುತ್ತಾಳೆ, ಮತ್ತೆ ಓಡುತ್ತಾಳೆ. ನಮ್ಮ ತಂಡ ದಾಂಡು ಹಿಡಿಯುವ ಸರದಿಯಲ್ಲೂ ಹಾಗೆಯೇ. ಎಂಟು ಜೊತೆ ಮೆಟ್ಟುಗಳನ್ನು ಒಂದಾದ ಮೇಲೊಂದರಂತೆ ತಂದಿಡುತ್ತೇವೆ, ಚೆಂಡು ಮೂರು ಸಲ ಹಾದುಹೋಗುತ್ತದೆ, ತೀರ್ಪುಗಾರರು ಕೈಮುಗಿದು ಹೊರಗೆ ಎನ್ನುತ್ತಾರೆ. ಕೊನೆಗೆ ಅವಳು ಬರುತ್ತಾಳೆ. ಹತ್ತೊಂಬತ್ತು ವರ್ಷದಿಂದ ನಾವು ಗೆದ್ದಿರಲಿಲ್ಲ. ಯಾರಿಗೂ ಬೇಸರವಿರಲಿಲ್ಲ. ಅಂಥಾ ಎಂಟು ಜನ ಯಾವ ಊರಲ್ಲಿದ್ದಾರೆ ಹೇಳಿ ಎಂದು ಎದೆ ಉಬ್ಬಿಸಿ ಮನೆಗೆ ಬರುತ್ತಿದ್ದೆವು.

ಈ ವರ್ಷ ಅವಳು ಗೆದ್ದುಬಿಟ್ಟಳು.

ಹೊಳೆಯಾಚೆಯ ಊರಿನ ಒಂಬತ್ತು ಜನರಲ್ಲಿ ಎಂಟು ಜನ ಬೀಸಿ ಬೀಸಿ ಗಾಳಿಗೇ ಹೊಡೆದು ಹೋದರು. ಕೊನೆಯವನು ಮಾತ್ರ ಚೆಂಡನ್ನು ಎತ್ತಿ ಬೇಲಿಯ ಕಡೆಗೆ ಹೊಡೆದ. ಅವಳು ನಡುಗಲ್ಲಿನಿಂದ ಓಡಿದಳು. ಅಷ್ಟು ದೂರ ಯಾರೂ ಓಡಲಾರರು. ಅಪ್ಪನ ಮೆಟ್ಟುಗಳನ್ನು ದಾಟಿ, ಮುಳ್ಳಿನೊಳಕ್ಕೇ ಕೈ ಚಾಚಿ ಚೆಂಡು ಹಿಡಿದಳು. ಕೈಯೆಲ್ಲ ರಕ್ತ, ಕೈಯಲ್ಲಿ ಚೆಂಡು. ಆಮೇಲೆ ದಾಂಡು ಹಿಡಿದು ಒಂದೇ ಒಂದು ಓಟ ಓಡಿದಳು. ಒಬ್ಬಳು ಒಂಬತ್ತು ಜನರನ್ನು ಗೆದ್ದಿದ್ದಳು.

ಊರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ನಾನೂ ಕುಣಿದೆ. ಕುಣಿತದ ನಡುವೆ ಯಾರೋ ಕೂಗಿದರು: "ಇಂಥವಳು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ!" ಹೆಗಲ ಮೇಲಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. ಗುಂಪಿನ ಹೊರಗೆ ನಿಂತಿದ್ದ ಮಾತಿನಜ್ಜಿಯ ಮುಖವೂ ಬಿಳಿಚಿಕೊಂಡಿತು. ಅವರಿಬ್ಬರಿಗೂ ಅರ್ಥವಾಗಿತ್ತು. ನಮಗೆ ಆಗಿರಲಿಲ್ಲ.

ವಾದದ ದಿನ ಬೆಳಿಗ್ಗೆ ಹುಡುಗಿ ಅಜ್ಜಿಯ ಕಾಲ ಬಳಿ ಕೂತು ಕೇಳಿದಳಂತೆ.

"ಅಜ್ಜಿ, ನಾನು ದೊಡ್ಡವಳಲ್ಲ ಅಂತ ಹೇಳ್ತೀಯಾ?"

"ಯಾಕವ್ವ?"

"ನಂಗಿನ್ನೂ ಆಡ್ಬೇಕು. ಬೇರೆ ಏನೂ ಬೇಡ."

"ನಿನ್ನ ಕಲ್ಲಿನ ವಾದದಲ್ಲಿ ನೀನು ಬಾಯಿ ಬಿಡೋ ಹಂಗಿಲ್ಲ. ಗೊತ್ತಲ್ಲ?"

"ಗೊತ್ತು. ಅದಕ್ಕೇ ನಿನ್ನ ಕೇಳ್ತಿರೋದು."

ಮಾತಿನಜ್ಜಿ ಎಂದರೆ ಸಾಮಾನ್ಯಳಲ್ಲ. ನಾಲ್ಕು ಜೊತೆ ಮೆಟ್ಟು ಕಲ್ಲೇರಿದ್ದು ಅವಳ ಮಾತಿನಿಂದ. ಅವಳು ಕಟ್ಟೆ ಹತ್ತಿ ಬಾಯಿ ಬಿಟ್ಟರೆ ಜನ ತಮಗೆ ತಿಳಿಯದ ಹಾಗೆ ಮೆಟ್ಟು ಬಿಟ್ಟು ಕೂತಿರುತ್ತಿದ್ದರು. ಜೀವನವಿಡೀ ಜನರನ್ನು ದೊಡ್ಡವರನ್ನಾಗಿ ಮಾಡಿದ ಬಾಯಿ ಅದು. ಆ ಬಾಯಲ್ಲಿ ಮೊದಲ ಸಲ ಒಬ್ಬಳನ್ನು ಸಣ್ಣವಳನ್ನಾಗಿ ಮಾಡಬೇಕಿತ್ತು, ಅದೂ ತನ್ನ ಮೊಮ್ಮಗಳನ್ನು, ಅದೂ ಎಲ್ಲರಿಗಿಂತ ದೊಡ್ಡವಳೆಂದು ತನಗೇ ಗೊತ್ತಿದ್ದವಳನ್ನು.

ಬಿಸಿಲು ನೆತ್ತಿಗೆ ಬಂತು. ಹುಡುಗಿ ಚೆಂಡು ಹಿಡಿದು ನಡುಗಲ್ಲಿನ ಮೇಲೆ ನಿಂತಳು. ವಾದ ಮುಗಿಯುವವರೆಗೆ ಅವಳು ಅಲ್ಲೇ ನಿಲ್ಲಬೇಕು. ಕಟ್ಟೆಯ ಯಜಮಾನ ಎದ್ದು ಕೈಮುಗಿದ. ಕೆಟ್ಟವನಲ್ಲ ಅವನು. ಹುಡುಗಿ ಗೆದ್ದ ದಿನ ಅವನಷ್ಟು ಅತ್ತವರು ಯಾರೂ ಇಲ್ಲ.

"ಒಂಬತ್ತನೇ ಕಲ್ಲು," ಎಂದ. "ಒಂದೇ ಉಳಿದಿರೋದು. ಇವತ್ತು ತುಂಬಿದ್ರೆ ನಮ್ಮ ತಂಡ ಪೂರ್ತಿಯಾಯ್ತು. ಹೇಳ್ರಪ್ಪ."

ಮೊದಲು ಎದ್ದವನು ನೇಕಾರ. ಅವನ ಮಾತು ಒಕ್ಕಣ್ಣನ ಪರ. ಒಕ್ಕಣ್ಣ ನೂರು ವರ್ಷದ ಹಿಂದೆ ನಡುಗಲ್ಲಿನಲ್ಲಿ ನಿಂತವನು, ಒಂದೇ ಕಣ್ಣಿಂದ ಎರಡು ಊರು ನಡುಗಿಸಿದವನು.

"ಒಕ್ಕಣ್ಣ ಎಸೆದ ಚೆಂಡು ಹೊಡೆಯೋರ ಕಣ್ಣಿಗೆ ಕಾಣ್ತಿರಲಿಲ್ಲ, ಕಿವಿಗೆ ಕೇಳ್ತಿತ್ತು ಅಷ್ಟೇ. ನಮ್ಮ ಮುತ್ತಜ್ಜ ಕೇಳಿಸ್ಕೊಂಡಿದ್ದ."

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ," ಎಂದು ಗುಂಪಿನಿಂದ ಒಬ್ಬ ಕೂಗಿದ. "ಒಕ್ಕಣ್ಣನ ಹಿಂದೆ ಎಂಟು ಜನ ಜೀವಂತ ನಿಂತಿದ್ರು. ಈ ಮಗು ಹಿಂದೆ ಯಾರಿದ್ರು?"

"ಆಗಿನ ಚೆಂಡು ಎಷ್ಟು ಭಾರ ಗೊತ್ತಾ? ಈಗಿನ ಚೆಂಡು ಬೂರುಗದ ಕಾಯಿ!"

"ಆಗಿನ ದಾಂಡು ಎಷ್ಟು ಸಣ್ಣ ಗೊತ್ತಾ?"

ಹೀಗೆ ಹತ್ತಿಕೊಂಡಿತು. ಮೈದಾನದ ಆಟಕ್ಕಿಂತ ಕಟ್ಟೆಯ ಆಟ ನಮಗೆ ಇಷ್ಟ, ಸುಳ್ಳೇಕೆ ಹೇಳಲಿ. ಒಕ್ಕಣ್ಣ ಗೆದ್ದರೂ ಹುಡುಗಿ ಗೆದ್ದರೂ ನಡುಗಲ್ಲಿನಿಂದ ಹುಡುಗಿ ಇಳಿಯಲೇಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಅಜ್ಜಿ ಯೋಚಿಸಿದ್ದಳು. ಅವಳ ಲೆಕ್ಕವೇ ಬೇರೆ. ಒಕ್ಕಣ್ಣನ ಕಡೆ ಬರಿಗಾಲು ಹೆಚ್ಚಾದಾಗ ಎದ್ದು, ಹುಡುಗಿ ಮುಳ್ಳಿನಲ್ಲಿ ಹಿಡಿದ ಚೆಂಡಿನ ಮಾತೆತ್ತುತ್ತಿದ್ದಳು. ಜನ ಹುಡುಗಿಯ ಕಡೆ ವಾಲಿದರೆ ಮತ್ತೆ ಎದ್ದು, ಒಕ್ಕಣ್ಣ ಜ್ವರದಲ್ಲಿ ಮೂರು ದಿನ ಎಸೆದ ಕಥೆ ಹೇಳುತ್ತಿದ್ದಳು. ಬಿಟ್ಟ ಮೆಟ್ಟನ್ನು ಜನ ಮತ್ತೆ ಹಾಕುತ್ತಿದ್ದರು, ಹಾಕಿದ್ದನ್ನು ಬಿಡುತ್ತಿದ್ದರು. ಮಾತಿನ ಕಟ್ಟೆಯ ಕೆಳಗೆ ಮೆಟ್ಟುಗಳದ್ದೇ ಒಂದು ಸಂತೆ. ಗಡಿಗಂಬದ ನೆರಳು ಮೊದಲು ಗೇಣುದ್ದವಿತ್ತು, ಆಮೇಲೆ ಮಾರುದ್ದವಾಯಿತು, ಆಮೇಲೆ ಮೈದಾನದ ಅರ್ಧಕ್ಕೆ ಬಂತು. ಅಜ್ಜಿ ಮಾತಾಡುತ್ತಲೇ ಓರೆಗಣ್ಣಿನಿಂದ ನೆರಳನ್ನು ನೋಡುತ್ತಿದ್ದಳು. ಅವಳನ್ನು ನೇಕಾರ ನೋಡುತ್ತಿದ್ದ.

"ಯಜಮಾನ್ರೇ," ಎಂದ ನೇಕಾರ. "ಮಾತಿನಜ್ಜಿ ಎರಡೂ ದೀಪಕ್ಕೆ ಎಣ್ಣೆ ಹಾಕ್ತಾವಳೆ. ನಮ್ಮ ವಾದ ಮುಗೀಬಾರದು ಅಂತಾನೇ ಹಾಕ್ತಾವಳೆ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಇನ್ನೊಮ್ಮೆ ನೆರಳಿನ ಕಡೆ ನೋಡಿದಳು.

ನೇಕಾರ ಬಗ್ಗಿ ತನ್ನ ಎರಡೂ ಮೆಟ್ಟು ಬಿಟ್ಟ. "ಒಕ್ಕಣ್ಣನ್ನ ಬಿಟ್ಟುಕೊಟ್ಟೆ. ಹುಡುಗಿಯೇ ದೊಡ್ಡವಳು. ಊರು ಒಡೆಯೋದು ಬೇಡ." ಅವನ ಹಿಂದೆ ಅವನ ಕೇರಿಯವರೆಲ್ಲ ಬಿಟ್ಟರು. ಅವರ ಹಿಂದೆ ಉಳಿದವರು. ನಾನೂ ಬಿಟ್ಟೆ. ಮೆಟ್ಟು ಬಿಡುವ ಸದ್ದು ಕಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನಿಂತಿತು. ಆರನೆಯವನ ಕಡೆ ಯಾರೂ ನೋಡಲೂ ಇಲ್ಲ. ಅವನ ಕಾಲು ಮೂವತ್ತು ವರ್ಷದಿಂದ ಬರಿಗಾಲೇ. ಬರಿಗಾಲಿನವನು ಒಪ್ಪಿದವನೇ.

ಉಳಿದದ್ದು ಅಜ್ಜಿಯ ಕಾಲಲ್ಲಿದ್ದ ಒಂದು ಜೊತೆ. ನೆರಳು ನಡುಗಲ್ಲಿಗೆ ಇನ್ನೂ ಹತ್ತು ಮಾರು ದೂರವಿತ್ತು.

"ಅಜ್ಜಿ," ಎಂದ ಯಜಮಾನ ಮೆಲ್ಲಗೆ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಂಗೆ ಬಂಗಾರದಂಥ ಮೊಮ್ಮಗಳೇ ಬೇಡವಾದ್ಲಾ? ಬಿಡು ಮೆಟ್ಟು."

"ಬಿಡಲ್ಲ. ಅವಳು ದೊಡ್ಡವಳಲ್ಲ."

"ಹಂಗಾದ್ರೆ ಮಾತಾಡು. ಬಾಯಿ ನಿಲ್ಲಬಾರದು."

ಅಜ್ಜಿ ಮಾತಾಡಿದಳು. ನಡುಗಲ್ಲಿನ ಕಡೆ ನೋಡದೆ, ಬೆನ್ನು ಮಾಡಿ ನಿಂತು ಮಾತಾಡಿದಳು. "ಆರನೇ ವಯಸ್ಸಲ್ಲಿ ಇವಳು ಎಸೆದ ಮೊದಲ ಚೆಂಡು ಹಿಂದಕ್ಕೆ ಹೋಗಿ ಯಜಮಾನರ ಮನೆ ನೀರಿನ ಹಂಡೆಗೆ ಬಿತ್ತು. ಎಂಟನೇ ವಯಸ್ಸಲ್ಲಿ ಓಡೋಕೆ ಹೋಗಿ ಮುಗ್ಗರಿಸಿ ಹಲ್ಲು ಮುರ್ಕೊಂಡ್ಳು. ಹದಿಮೂರನೇ ವಯಸ್ಸಲ್ಲಿ ಮೊದಲ ಪಂದ್ಯ, ಇಪ್ಪತ್ತೆರಡು ಓಟ ಬಿಟ್ಟುಕೊಟ್ಲು. ಮಾರನೇ ವರ್ಷ ಹದಿನೇಳು. ಮಾರನೇ ವರ್ಷ ಅಂಚಿಗೆ ಕೂತು ಎಲ್ಲರ ಮುಂದೆ ಅತ್ಲು. ದೊಡ್ಡವರು ಅಳ್ತಾರಾ? ಎಡಕ್ಕೆ ಎಸೆದ್ರೆ ಅಳತೆ ತಪ್ಪುತ್ತೆ. ಮೊಂಡಿ. ಸೋತ ದಿನ ಊಟ ಬಿಟ್ಟು ಕತ್ತಲಾಗೋ ತನಕ ಎಸೀತಾ ಇರ್ತಾಳೆ. ಕೈ ಬಾತುಕೊಂಡಿದ್ರೂ ಎಸೀತಾಳೆ. ಯಾರೂ ಹಿಡಿಯೋರಿಲ್ಲ ಅಂತ ಗೊತ್ತಿದ್ರೂ ಎಸೀತಾಳೆ…"

ಅಜ್ಜಿ ತಲೆಯೆತ್ತಿ ನೋಡಿದರೆ ಕೆಳಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಯಜಮಾನನೂ ಅಳುತ್ತಿದ್ದ. ಅವಳು ಎಣಿಸಿದ ಒಂದೊಂದು ತಪ್ಪಿಗೂ ಹುಡುಗಿ ನಮ್ಮ ಕಣ್ಣಲ್ಲಿ ಒಂದೊಂದು ಮೊಳ ಬೆಳೆದಿದ್ದಳು. ಪಾಪ, ಹೊಗಳಿ ಹೊಗಳಿ ಅಭ್ಯಾಸವಾದ ಬಾಯಿ, ತೆಗಳಲು ಹೋದರೂ ಹೊಗಳಿಯೇ ಬಿಟ್ಟಿತ್ತು.

"ಸಾಕು ಅಜ್ಜಿ," ಎಂದ ಯಜಮಾನ. "ನೀನೇ ಗೆಲ್ಲಿಸಿಬಿಟ್ಟೆ. ಮೆಟ್ಟು ಬಿಡು."

ನೆರಳಿಗೆ ಇನ್ನೂ ಆರು ಮಾರು. ಅಜ್ಜಿಯ ಬಳಿ ಮಾತು ಮುಗಿದಿತ್ತು. ಅವಳು ಬಗ್ಗಿದಳು. ಬಲಗಾಲಿನ ಮೆಟ್ಟಿಗೆ ಕೈ ಹಾಕಿದಳು. ನಡುಗಲ್ಲಿನ ಮೇಲಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಬಗ್ಗಿದಲ್ಲಿಂದಲೇ ಬೇಲಿಕಲ್ಲಿನ ಕಡೆ ನೋಡಿದಳು. ಅಲ್ಲಿ ಮಗನ ಮೆಟ್ಟುಗಳಿದ್ದವು, ಬೆಳಿಗ್ಗೆ ಹುಡುಗಿ ಒರೆಸಿ ಸ್ವಚ್ಛ ಮಾಡಿದವು. ಆಮೇಲೆ ಮೆಟ್ಟು ಬಿಡದೆ ಎದ್ದು ನಿಂತಳು.

"ಇನ್ನೊಂದು ಮಾತಿದೆ. ಎಂಟನೇ ಕಲ್ಲಿನ ಮಾತು."

"ಅದು ಹತ್ತೊಂಬತ್ತು ವರ್ಷದ ಹಿಂದೆ ಮುಗೀತಲ್ಲಜ್ಜಿ."

"ನಾನು ಸುಳ್ಳು ಹೇಳಿದ್ದೆ."

ಎಂಟನೆಯವನ ಕಥೆ ನಮ್ಮೂರ ಮಕ್ಕಳಿಗೆಲ್ಲ ಬಾಯಿಪಾಠ. ಕೊನೆಯ ಪಂದ್ಯದಲ್ಲಿ ಚೆಂಡು ಬೇಲಿಯ ಕಡೆ ಹಾರಿತು. ಅವನು ಬೇಲಿಯ ಸಂದಿಗೆ ಧುಮುಕಿ ಕಣ್ಮರೆಯಾದ. ಮತ್ತೆ ಎದ್ದಾಗ ಕೈಯಲ್ಲಿ ಚೆಂಡಿತ್ತು. ನಾವು ಗೆದ್ದೆವು. ಅದೇ ವರ್ಷ ಅವನು ಜ್ವರ ಬಂದು ತೀರಿಕೊಂಡ. ಚೆಂಡು ನೆಲ ಮುಟ್ಟಿತ್ತೇ ಎಂದು ಕಟ್ಟೆಯ ಮೇಲೆ ಯಾರೋ ಅನುಮಾನ ಎತ್ತಿದಾಗ, ಆ ದಿನ ಬೇಲಿಯ ಬಳಿ ನಿಂತಿದ್ದ ಒಬ್ಬಳೇ ಸಾಕ್ಷಿ ಎದ್ದು, ನಾನು ಕಂಡೆ, ನೆಲ ಮುಟ್ಟಲಿಲ್ಲ ಎಂದಿದ್ದಳು. ಆ ಸಾಕ್ಷಿ ಅವನ ತಾಯಿ. ಊರೆಲ್ಲ ಮೆಟ್ಟು ಬಿಟ್ಟಿತ್ತು.

"ಮುಟ್ಟಿತ್ತು ಕಣ್ರಯ್ಯಾ," ಎಂದಳು ಅಜ್ಜಿ. "ಕೈಗೆ ತಾಗಿ ನೆಲಕ್ಕೆ ಬಿತ್ತು. ಅವನು ನೆಲದಿಂದ ಎತ್ಕೊಂಡ. ನಾನು ಎರಡು ಮಾರು ದೂರದಲ್ಲಿದ್ದೆ."

ನಡುಗಲ್ಲಿನಿಂದ ದನಿ ಬಂತು. ತನ್ನ ಕಲ್ಲಿನ ಮಾತಾಗಿದ್ದರೆ ಹುಡುಗಿ ಬಾಯಿ ಬಿಡುವಂತಿರಲಿಲ್ಲ. ಇದು ಅವಳ ಕಲ್ಲಿನ ಮಾತಲ್ಲ.

"ಅಪ್ಪ ಮೋಸ ಮಾಡಿದ್ನಾ?"

"ಇಲ್ಲವ್ವ," ಎಂದಳು ಅಜ್ಜಿ, ಮೊದಲ ಸಲ ಅವಳ ಕಡೆ ತಿರುಗಿ. "ನಿಮ್ಮಪ್ಪ ಬಿತ್ತು ಅಂತ ಕೂಗೋಕೆ ಬಾಯಿ ತೆಗೆದಿದ್ದ. ಅಷ್ಟರಲ್ಲಿ ಇವರು ಹೆಗಲ ಮೇಲೆ ಎತ್ತಿಕೊಂಡ್ರು. ಸಂಜೆ ಮನೆಗೆ ಬಂದು, ಅವ್ವಾ, ನೆಲಕ್ಕೆ ಬಿತ್ತು ಕಣವ್ವ, ಹೋಗಿ ಹೇಳಿಬರ್ತೀನಿ ಅಂದ. ನಾನೇ ಬೇಡ ಅಂದೆ. ಸುಮ್ನಿರು, ಊರು ಕುಣೀತಾ ಇದೆ ಅಂದೆ. ಸಾಯೋವಾಗ್ಲೂ ಅದನ್ನೇ ಹೇಳಿದ. ಆಗ್ಲೂ ಬಾಯಿ ಮುಚ್ಚಿಸಿದೆ."

ಮಗ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಿಂತೇ ಅತ್ತಳು, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಎರಡನ್ನೂ ಒಟ್ಟಿಗೇ ಕಳೆದುಕೊಂಡಿದ್ದಳು, ಮಗನ ಹೆಸರನ್ನೂ ತನ್ನ ಮಾತಿನ ಬೆಲೆಯನ್ನೂ.

ಯಜಮಾನ ಕೋಪದಿಂದ ಕೈ ಬೀಸಿದ. "ಕಟ್ಟೆ ಇಳಿ. ಇನ್ನು ನಿಂಗೆ ಇಲ್ಲಿ ಮಾತಿಲ್ಲ. ನೀನು ಮೆಟ್ಟು ಹಾಕಿದ್ರೂ ಒಂದೇ, ಬಿಟ್ಟರೂ ಒಂದೇ."

"ಇಳೀತೀನಿ. ಆದ್ರೆ ಎಂಟನೇ ಮೆಟ್ಟೂ ಇಳೀಬೇಕಲ್ಲ? ಆ ಕಲ್ಲಿಗೆ ಕಾಲು ಬೇಕಲ್ಲ? ಅಲ್ಲೀವರೆಗೆ ಒಂಬತ್ತರ ಮಾತೆತ್ತೋ ಹಂಗಿಲ್ಲ. ಕಟ್ಟಳೆ ನಿಮ್ದೇ."

ಯಜಮಾನ ನಮ್ಮ ಕಡೆ ತಿರುಗಿದ. "ಯಾರು ನಿಲ್ತೀರಾ ಬೇಲಿಕಲ್ಲಿಗೆ?"

ಯಾರೂ ಮೇಲೇಳಲಿಲ್ಲ. ನಮ್ಮೂರಲ್ಲಿ ಕುಂಬಾರನ ಹಿಡಿತ ಹೇಗಿತ್ತೆಂದು ಕಣ್ಣಿಗೆ ಕಟ್ಟುವಂತೆ ಹೇಳುವವರು ನೂರು ಜನ. ಚೆಂಡು ಹಿಡಿದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ನಾನು ನನ್ನ ಕೈ ನೋಡಿಕೊಂಡೆ. ಮೆತ್ತಗಿದ್ದವು. ನಾಚಿಕೆಯಾಯಿತು.

ಅಜ್ಜಿ ಕಟ್ಟೆ ಇಳಿದು ನಡೆದಳು. ಮೈದಾನ ದಾಟಿ, ಹುಡುಗಿಯ ಪಕ್ಕದಲ್ಲೇ ಹಾದು, ಬೇಲಿಕಲ್ಲಿನ ಬಳಿ ನಿಂತಳು. ಮಗನ ಮೆಟ್ಟುಗಳನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡಳು. ಪಕ್ಕದ ಹುಲ್ಲಿನ ಮೇಲೆ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲು ಹತ್ತಿದಳು. ಕಲ್ಲು ಬರಿದಾಗಿಯೇ ಇದ್ದಿದ್ದರೆ ಆ ವರ್ಷದ ವಾದ ತಾನಾಗಿಯೇ ಮುಗಿಯುತ್ತಿತ್ತು, ಆದರೆ ತನ್ನ ಸುಳ್ಳಿನಿಂದ ಬರಿದಾದ ಕಲ್ಲನ್ನು ಹಾಗೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲವೇನೋ.

ಯಾರೋ ನಕ್ಕರು. ನಗು ಅಲ್ಲಿಗೇ ಸತ್ತಿತು.

"ಎಂಟನೇ ಕಲ್ಲು ತುಂಬಿತು," ಎಂದ ಯಜಮಾನ. ನೆರಳಿಗೆ ಇನ್ನು ಎರಡೇ ಮಾರು. ಅವನು ಅವಸರದಲ್ಲಿದ್ದ. "ಒಂಬತ್ತರ ಮಾತು ಈಗ ಎತ್ತಬಹುದು. ಕಟ್ಟೆ ತುಂಬ ಬರಿಗಾಲೇ ಇದೆ. ಒಪ್ಪಿಗೆಯಾಯ್ತು. ಮಗಳೇ, ಮೆಟ್ಟು ಬಿಟ್ಟು ಕಲ್ಲಿಂದ ಇಳಿಯವ್ವ. ಇವತ್ತಿಂದ ನೀನು ನಮ್ಮೂರಿಗೇ ದೊಡ್ಡವಳು."

ಹುಡುಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿಗೆ ಹೇಳಲು ಬಾಯಿಯಿರಲಿಲ್ಲ. ಹುಡುಗಿ ಬಗ್ಗಿ ಎಡಗಾಲಿನ ಮೆಟ್ಟಿನ ಬಾರು ಸಡಿಲಿಸಿದಳು.

ಆಗ ಆರನೆಯವನು ಎದ್ದ.

ಅವನು ಮೈದಾನದೊಳಕ್ಕೆ ಕಾಲಿಟ್ಟು ಮೂವತ್ತು ವರ್ಷವಾಗಿತ್ತು. ಕಾದ ನೆಲದ ಮೇಲೆ ಕಾಲು ಎತ್ತೆತ್ತಿ ಇಡುತ್ತ ಆರನೆಯ ಕಲ್ಲಿನವರೆಗೆ ಹೋದ. ಒಣಗಿ ಕಟ್ಟಿಗೆಯಂತಾಗಿದ್ದ ತನ್ನ ಮೆಟ್ಟುಗಳೊಳಗೆ ಒಂದು ಕಾಲು ತೂರಿಸಿದ. ಹಲ್ಲು ಕಚ್ಚಿ ಇನ್ನೊಂದು ತೂರಿಸಿದ. ಬಾರು ಕಿತ್ತುಹೋಯಿತು. ಅವನು ಕಾಲ್ಬೆರಳಿನಿಂದ ಅದನ್ನು ಒತ್ತಿ ಹಿಡಿದುಕೊಂಡೇ ನಿಂತ.

"ನಾನು ಒಪ್ಪಿಲ್ಲ," ಎಂದ.

"ಸ್ವಾಮಿ," ಯಜಮಾನ ತೊದಲಿದ, "ನೀವು ದೊಡ್ಡವರು, ನೀವು ಆ ಕಲ್ಲ ಮೇಲೆ…"

"ದೊಡ್ಡವನು ಅಂದಿದ್ದು ನೀವು. ನಂಗೆ ಒಪ್ಪಿಗೆಯಾ ಅಂತ ಯಾವತ್ತು ಕೇಳಿದ್ರಿ?" ಅವನ ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಕಾಲಲ್ಲಿ ಮೆಟ್ಟು ಇರೋನು ಮಾತಾಡ್ತಾ ಇರಬೇಕು ತಾನೇ? ಆಡ್ತೀನಿ. ನೆರಳು ಬರೋ ತನಕ ಏನು, ಬೆಳಗಾಗೋ ತನಕ ಆಡ್ತೀನಿ. ಮೂವತ್ತು ವರ್ಷದ ಮಾತಿದೆ ನನ್ನ ಹತ್ರ."

ಅವನು ಮಾತಾಡಲು ಶುರುಮಾಡಿದ. ಏನು ಹೇಳಿದನೋ ನನಗೆ ನೆನಪಿಲ್ಲ. ನೆರಳು ನಡುಗಲ್ಲನ್ನು ಮುಟ್ಟಿದ್ದನ್ನೂ ನಾವ್ಯಾರೂ ನೋಡಲಿಲ್ಲ. ನಮ್ಮ ಕಣ್ಣೆಲ್ಲ ಹುಡುಗಿಯ ಮೇಲಿತ್ತು. ಅವಳು ಬಾರನ್ನು ಮತ್ತೆ ಬಿಗಿದುಕೊಂಡು ಎದ್ದು ನಿಂತಿದ್ದಳು. ಬೇಲಿಕಲ್ಲಿನ ಕಡೆ ತಿರುಗಿದ್ದಳು. ಅವಳು ದಿನವೂ ಬೆಳಿಗ್ಗೆ ಒರೆಸುತ್ತಿದ್ದ ಅಪ್ಪನ ಮೆಟ್ಟುಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

ಅವಳು ಎಸೆದಳು. ಮುದುಕಿಗೆ ಎಸೆಯುವ ಹಾಗೆ ಮೆಲ್ಲಗೆ ಎಸೆಯಲಿಲ್ಲ. ಹೊಳೆಯಾಚೆಯ ಊರಿನ ಎಂಟು ಜನರನ್ನು ಹೊರಗೆ ಕಳಿಸಿದ ಎಸೆತವನ್ನೇ ಎಸೆದಳು. ಅಜ್ಜಿ ಎರಡೂ ಕೈ ಮುಂದೆ ಚಾಚಿದಳು. ಚೆಂಡು ಅಂಗೈಗೆ ಬಡಿದ ಸದ್ದು ಕಟ್ಟೆಯವರೆಗೆ ಕೇಳಿಸಿತು. ಬಡಿದು, ಜಾರಿ, ಕಲ್ಲಿನಾಚೆ ನೆಲಕ್ಕೆ ಉರುಳಿತು.

"ಬಿತ್ತು!" ಅಜ್ಜಿ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. "ನೆಲಕ್ಕೆ ಬಿತ್ತು ಕಣ್ರೋ! ನಾನೇ ಕಂಡೆ, ನೆಲಕ್ಕೆ ಬಿತ್ತು!"

ಬಗ್ಗಿ ಎತ್ತಿಕೊಂಡು, ಕೆಂಪಾದ ಕೈಯಿಂದಲೇ, ಹುಡುಗಿಗೆ ವಾಪಸ್ ಎಸೆದಳು.